ಕ್ರಿಯಾಪದ ತಡೆಯದ ಪ್ರೀತಿ, ನಾಮಪದ ಸಿಗದ ಸಂಬಂಧ: ‘ಮೋಹನಸ್ವಾಮಿ’ಯ ಒಂಟಿತನ

ವಸುಧೇಂದ್ರರ ‘ಮೋಹನಸ್ವಾಮಿ’ (2013) ಕಥಾಸಂಕಲನದ ನಾಯಕನ ಒಂಟಿತನವನ್ನು ಅವನ ಸ್ವಭಾವದ ಫಲವೆಂದೋ ಸಮಾಜದ ಕ್ರೌರ್ಯದ ಫಲವೆಂದೋ ವಿವರಿಸಬಹುದು. ಆ ಒಂಟಿತನಕ್ಕೆ ಭಾಷಿಕ ನೆಲೆಯೊಂದೂ ಇದೆ ಎಂಬುದು ನಮ್ಮ ವಾದ.

ಕನ್ನಡದಲ್ಲಿ ಪ್ರಥಮಪುರುಷದ ಆಖ್ಯಾತಪ್ರತ್ಯಯವು ಕರ್ತೃವಿನ ಲಿಂಗವನ್ನು ಸೂಚಿಸುತ್ತದೆಯೇ ಹೊರತು ಕರ್ಮದ ಲಿಂಗವನ್ನಲ್ಲ. ಪ್ರೀತಿಗೆ ಪಾತ್ರರಾದವರು ಹೆಣ್ಣಾಗಲಿ ಗಂಡಾಗಲಿ, ‘ಪ್ರೀತಿಸಿದನು’ ಎಂಬ ರೂಪ ಬದಲಾಗದು. ಪ್ರೇಮಿಗಳಿಬ್ಬರೂ ‘ಅವನು’ ಆದಾಗ ಸರ್ವನಾಮದ ನಿರ್ದೇಶ ಸಂದಿಗ್ಧವಾಗುತ್ತದೆ, ನಿಜ. ಆದರೆ ಹೆಸರುಗಳ ಪುನರುಕ್ತಿಯಿಂದ, ‘ತಾನು’ ಎಂಬ ಆತ್ಮಾರ್ಥಕದಿಂದ ಕಥನವು ಅದನ್ನು ನಿಭಾಯಿಸಬಲ್ಲದು. ಅದು ಶೈಲಿಯ ತೊಡಕು, ನಿಷೇಧವಲ್ಲ.

ನಿಷೇಧವಿರುವುದು ಪದಕೋಶದಲ್ಲಿ. ‘ಗಂಡ’ ಎಂಬುದು ‘ಗಂಡು’ ಶಬ್ದಕ್ಕೂ ‘ಹೆಂಡತಿ’ ಎಂಬುದು ‘ಹೆಣ್ಣು’ ಶಬ್ದಕ್ಕೂ ಸಂಬಂಧಿಸಿದವು. ದಾಂಪತ್ಯದ ನಾಮಪದಗಳು ಲಿಂಗವ್ಯವಸ್ಥೆಯನ್ನು ಧಾತುವಿನಲ್ಲಿಯೇ ಹೊತ್ತಿವೆ. ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಅವನಿಗೆ ‘ಗಂಡ’ ಎಂಬ ಪದ ಸಿದ್ಧವಾಗಿಯೇ ದೊರೆಯುತ್ತದೆ. ಅವನೊಡನೆ ಒಂದೇ ಮನೆಯಲ್ಲಿ ಬಾಳಿದ ಮೋಹನಸ್ವಾಮಿಗೆ ಉಳಿಯುವುದು ‘ಗೆಳೆಯ’ ಅಥವಾ ‘ರೂಮ್‌ಮೇಟ್’. ಹೆಸರಿಲ್ಲದ ಸಂಬಂಧ ಮುರಿದರೆ ಅದರ ದುಃಖವನ್ನು ಲೋಕದೆದುರು ಹೇಳಿಕೊಳ್ಳುವ ಅಧಿಕಾರವೂ ಇರುವುದಿಲ್ಲ. ವಿಧುರನಿಗೆ ಪದವಿದೆ, ಮೋಹನಸ್ವಾಮಿಗಿಲ್ಲ.

‘ಸಂಗಾತಿ’ ಎಂಬ ಲಿಂಗನಿರಪೇಕ್ಷ ಪದವಿದೆಯಲ್ಲ ಎಂಬ ಆಕ್ಷೇಪ ಸಹಜವಾದುದೇ. ಆದರೆ ‘ಬಾಳಸಂಗಾತಿ’ ಎಂದೊಡನೆ ಕೇಳುಗರು ಮದುವೆಯನ್ನೇ ಊಹಿಸುತ್ತಾರೆ. ಪದದ ತಾಟಸ್ಥ್ಯವು ಬಳಕೆಯ ತಾಟಸ್ಥ್ಯವಾಗಿಲ್ಲ. ಇನ್ನೊಂದೆಡೆ, ಇಂಥ ಪಾತ್ರಗಳಿಗೆ ರೂಢಿಯಲ್ಲಿರುವ ‘ಸಲಿಂಗಕಾಮಿ’ ಎಂಬ ಸಮಾಸವು ಪ್ರೀತಿ, ಆರೈಕೆ, ಅಗಲಿಕೆಗಳನ್ನೆಲ್ಲ ‘ಕಾಮ’ಕ್ಕೆ ಇಳಿಸುತ್ತದೆ. ಅಡುಗೆ, ಕಾಯುವಿಕೆ, ಮುನಿಸುಗಳ ಮೂಲಕ ಕಥೆಗಾರರು ಕಟ್ಟುವ ಗೃಹಜೀವನವು ಈ ಸಮಾಸಕ್ಕೆ ದಕ್ಕುವುದಿಲ್ಲ. ಸಂಕಲನವನ್ನು ಕೇವಲ ‘ಸಲಿಂಗಕಾಮದ ಕಥೆಗಳು’ ಎಂದು ವರ್ಗೀಕರಿಸುವ ವಿಮರ್ಶೆಯು ಕಥೆಗಳು ಗಳಿಸಿಕೊಟ್ಟುದನ್ನು ಶೀರ್ಷಿಕೆಯಲ್ಲಿಯೇ ಕಳೆದುಬಿಡುತ್ತದೆ.

ಕಾನೂನಿನಲ್ಲಿಯೂ ಇದೇ ಭೇದ ಕಾಣುತ್ತದೆ. 2018ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. 2023ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಕ್ರಿಯೆಗೆ ಅನುಮತಿ ದೊರೆಯಿತು, ಸಂಬಂಧವಾಚಕಕ್ಕೆ ದೊರೆಯಲಿಲ್ಲ.

ಆದ್ದರಿಂದ ಈ ಕಥೆಗಳಲ್ಲಿ ಲಿಂಗವನ್ನು ಅಭ್ಯಸಿಸುವವರು ಪ್ರತ್ಯಯಗಳ ಆಚೆಗೆ ಬಂಧುವಾಚಕಗಳತ್ತಲೂ ನೋಡಬೇಕೆಂದು ನಾವು ಭಾವಿಸುತ್ತೇವೆ. ಮೋಹನಸ್ವಾಮಿಗೆ ಪ್ರೀತಿಸಲು ಕನ್ನಡ ಸಾಕು; ಯಾರಿಗೆ ತಾನು ಏನಾಗಬೇಕೆಂದು ಹೇಳಲು ಸಾಲದು.