‘ಪ್ರಿಕೇರಿಯಟ್’ ಎಂಬ ಪರಿಕಲ್ಪನೆ: ಒಂದು ವಿಮರ್ಶೆ

ಜಾಗತೀಕರಣದ ಯುಗದಲ್ಲಿ ಕಾರ್ಮಿಕನ ಸ್ಥಿತಿಗತಿಗಳನ್ನು ಕುರಿತ ಗ್ರಂಥಗಳಲ್ಲಿ ಗೈ ಸ್ಟ್ಯಾಂಡಿಂಗ್ ಅವರ ‘ದಿ ಪ್ರಿಕೇರಿಯಟ್’ (2011) ವಿಶೇಷವಾಗಿ ಗಮನಾರ್ಹವಾದುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಬಹುಕಾಲ ದುಡಿದ ಈ ಅರ್ಥಶಾಸ್ತ್ರಜ್ಞರು, ಭದ್ರತೆಯಿಲ್ಲದ ದುಡಿಮೆಯನ್ನೇ ನೆಚ್ಚಿ ಬದುಕುವ ಹೊಸ ವರ್ಗವೊಂದು 1970ರ ದಶಕದ ತರುವಾಯ ರೂಪುಗೊಳ್ಳುತ್ತಿದೆಯೆಂದು ಪ್ರತಿಪಾದಿಸುತ್ತಾರೆ. ಕಾರ್ಮಿಕನ ಭದ್ರತೆಯನ್ನು ಏಳು ಬಗೆಯಾಗಿ ವಿಂಗಡಿಸಿರುವುದು ಗ್ರಂಥದ ಮುಖ್ಯ ಗುಣ. ಕೆಲಸದಿಂದ ಅಕಾರಣವಾಗಿ ತೆಗೆಯಲ್ಪಡದಿರುವುದು ಒಂದು. ವೃತ್ತಿಯಲ್ಲಿ ಮೇಲೇರುವ ಅವಕಾಶವಿರುವುದು ಮತ್ತೊಂದು. ಇವೆರಡನ್ನೂ ಬೇರ್ಪಡಿಸಿ ತೋರಿಸಿದುದು ಉಪಕಾರವೇ ಸರಿ.

ಆದರೆ ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಒಂದು ಸಂದೇಹ ತಲೆದೋರುತ್ತದೆ. ಗ್ರಂಥಕರ್ತರ ಅಳತೆಗೋಲು ಎರಡನೆಯ ಮಹಾಯುದ್ಧದ ಬಳಿಕ ಪಶ್ಚಿಮದ ಕೈಗಾರಿಕಾ ರಾಷ್ಟ್ರಗಳು ಕಂಡ ಖಾಯಂ ನೌಕರಿ. ನಮ್ಮಲ್ಲಿ ಬಹುಜನರಿಗೆ ಅದು ಎಂದೂ ದೊರೆತುದಲ್ಲ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ‘ಬದಲಿ’ ಕಾರ್ಮಿಕರು ಬಾಗಿಲ ಬಳಿ ಕಾದು ನಿಂತು, ಗೈರುಹಾಜರಾದವರ ಸ್ಥಾನದಲ್ಲಿ ದಿನದ ಕೆಲಸ ಪಡೆಯುತ್ತಿದ್ದರು. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯಂತಹ ಸರ್ಕಾರಿ ಉದ್ಯಮಗಳು ನೀಡಿದ ತರಬೇತಿ, ಬಡ್ತಿ, ವಸತಿಗಳು ಕೆಲವರಿಗಷ್ಟೇ ಲಭಿಸಿದುವು. ಆದುದರಿಂದ ಜಾಗತೀಕರಣವು ಇಲ್ಲಿ ಅಭದ್ರತೆಯನ್ನು ಹುಟ್ಟಿಸಿತೆನ್ನುವುದಕ್ಕಿಂತ, ಹಳೆಯ ಅಭದ್ರತೆಗೆ ದೂರದ ಒಡೆಯನೊಬ್ಬನನ್ನು ತಂದಿತೆನ್ನುವುದು ಯುಕ್ತ.

ಬೆಂಗಳೂರಿನ ಸಿದ್ಧ ಉಡುಪು ಉದ್ಯಮವೇ ಇದಕ್ಕೆ ನಿದರ್ಶನ. 2005ರ ಜನವರಿ 1ರಂದು ಅಂತರರಾಷ್ಟ್ರೀಯ ಜವಳಿ ಕೋಟಾ ಪದ್ಧತಿ ಕೊನೆಗೊಂಡ ಮೇಲೆ, ವಿದೇಶದ ಖರೀದಿದಾರನು ತನ್ನ ಆರ್ಡರನ್ನು ಒಂದು ದೇಶದಿಂದ ಮತ್ತೊಂದಕ್ಕೆ ಸುಲಭವಾಗಿ ವರ್ಗಾಯಿಸಬಲ್ಲವನಾದನು. ಇಲ್ಲಿಯ ಕಾರ್ಮಿಕರಲ್ಲಿ ಬಹುಪಾಲು ಸ್ತ್ರೀಯರು. ಹೊಲಿಗೆ ಯಂತ್ರದ ಮುಂದೆ ಕುಳಿತವಳು ವರ್ಷಗಳ ಅನಂತರವೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತಾಳೆ. ಭವಿಷ್ಯ ನಿಧಿಗೆ ಮಾಲೀಕರು ಕಟ್ಟಿದ ಭಾಗವನ್ನು 58ನೆಯ ವಯಸ್ಸಿಗೆ ಮುನ್ನ ಹಿಂಪಡೆಯಕೂಡದೆಂದು ಕೇಂದ್ರ ಸರ್ಕಾರವು 2016ರ ಫೆಬ್ರವರಿಯಲ್ಲಿ ನಿಯಮ ಮಾಡಿದಾಗ, ಏಪ್ರಿಲ್ 18 ಮತ್ತು 19ರಂದು ಈ ಸ್ತ್ರೀಯರು ಸಂಘದ ಕರೆಗೂ ಕಾಯದೆ ಸಹಸ್ರ ಸಂಖ್ಯೆಯಲ್ಲಿ ಬೀದಿಗಿಳಿದರು. 19ರಂದೇ ನಿಯಮ ರದ್ದಾಯಿತು. ಅಷ್ಟು ವಯಸ್ಸಿನವರೆಗೆ ಕೆಲಸ ಉಳಿಯುವ ಭರವಸೆಯಿಲ್ಲದವರಿಗೆ, ಕೆಲಸ ಬಿಟ್ಟಾಗ ಕೈಸೇರುವ ಆ ಹಣವೇ ನಿರುದ್ಯೋಗದ ವಿಮೆಯಾಗಿದ್ದಿತು.

ಸ್ಟ್ಯಾಂಡಿಂಗ್ ಅವರು ಸಂಘಟನೆಯ ಅಗತ್ಯವನ್ನು ಒಪ್ಪುತ್ತಾರಾದರೂ, ಅವರ ಪರಿಹಾರಕ್ಕೆ ಆಧಾರಸ್ತಂಭ ಎಲ್ಲರಿಗೂ ಸಲ್ಲುವ ಮೂಲ ಆದಾಯ. ಅವರದೇ ವಿಂಗಡಣೆಯಂತೆ ನೋಡಿದರೆ, ಅದು ಆದಾಯದ ಭದ್ರತೆಯನ್ನು ಒದಗಿಸೀತು. ವೃತ್ತಿಯಲ್ಲಿ ಮೇಲೇರುವ ಮಾರ್ಗವನ್ನು ಅದೊಂದೇ ತೆರೆಯಲಾರದು. ಅದಕ್ಕೆ ತರಬೇತಿಯೂ ಬಡ್ತಿಯ ನಿಯಮವೂ ಸಂಘದ ಬಲವೂ ಬೇಕು. ಈ ಗ್ರಂಥವನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಓದತಕ್ಕುದು. ಆದರೆ ‘ಹೊಸ ವರ್ಗ’ವೆಂಬ ಹೆಸರನ್ನು ಭಾರತದ ಕಾರ್ಮಿಕರಿಗೆ ಅನ್ವಯಿಸುವ ಮುನ್ನ ಅವರ ಹಳೆಯ ಚರಿತ್ರೆಯನ್ನೂ ಪರಿಶೀಲಿಸತಕ್ಕುದು.