ಮುಳುಗದ ಪೇತ್ರ

ಒಂಬತ್ತು ನಿಮಿಷಕ್ಕೆ ಕೆಲವೇ ಸೆಕೆಂಡು ಕಡಿಮೆ. ಇಷ್ಟುದ್ದದ ಹಾಡನ್ನು ರೇಡಿಯೊದವರು ಸಾಮಾನ್ಯವಾಗಿ ಹತ್ತಿರ ಸೇರಿಸುವುದಿಲ್ಲ. ಸಿಡ್ನಿಯ ಹಿಲ್‌ಸಾಂಗ್ ಚರ್ಚಿನ ಯುನೈಟೆಡ್ ತಂಡ 2013ರಲ್ಲಿ ‘ಝಯಾನ್’ ಆಲ್ಬಮ್ಮಿನಲ್ಲಿ ಹೊರತಂದ ‘ಓಷನ್ಸ್’ ಮಾತ್ರ ಬಿಲ್‌ಬೋರ್ಡ್‌ನ ಕ್ರೈಸ್ತ ಹಾಡುಗಳ ಪಟ್ಟಿಯಲ್ಲಿ ಒಟ್ಟು 61 ವಾರ ಮೊದಲ ಸ್ಥಾನದಲ್ಲಿ ಕೂತಿತು. ಬೆಂಗಳೂರಿನ ಚರ್ಚುಗಳ ಯುವಜನರ ಆರಾಧನೆಯಲ್ಲೂ ಅದರ ಪರಿಚಯವಿಲ್ಲದವರು ಕಡಿಮೆ. ಇವತ್ತಿನ ಆರಾಧನಾ ಗೀತೆಗಳ ಶಕ್ತಿ ಎಲ್ಲಿದೆ, ಸೋಲು ಎಲ್ಲಿದೆ ಎಂದು ನೋಡಲು ಇದೊಂದು ಹಾಡು ಸಾಕು.

ಮೊದಲು ಶಕ್ತಿಯ ಮಾತು. ಹಾಡು ಶುರುವಾಗುವಾಗ ತಾಳವೇ ಇಲ್ಲವೆನ್ನಬಹುದು. ಕೀಬೋರ್ಡಿನ ಉದ್ದನೆಯ ಸ್ವರಗಳ ಮೇಲೆ ಟಾಯಾ ಸ್ಮಿತ್ ಅವರ ದನಿ ಮೆಲ್ಲಗೆ, ಪಕ್ಕದಲ್ಲಿ ಕೂತವರೊಡನೆ ಮಾತಾಡಿದಂತೆ ಬರುತ್ತದೆ. ಹಾಡಿನ ಅರ್ಧ ದಾಟುವಷ್ಟರಲ್ಲಿ ಚರಣವೂ ಪಲ್ಲವಿಯೂ ಹಿಂದೆ ಸರಿದು, ಬ್ರಿಡ್ಜ್ ಎಂದು ಕರೆಯುವ ಭಾಗ ಬರುತ್ತದೆ. ಮಿತಿಯಿಲ್ಲದ ನಂಬಿಕೆಯ ಕಡೆಗೆ ನನ್ನನ್ನು ನಡೆಸು ಎಂದು ಪವಿತ್ರಾತ್ಮನನ್ನು ಕೇಳಿಕೊಳ್ಳುವ ಕೆಲವೇ ಸಾಲು. ಅದನ್ನೇ ಮತ್ತೆ ಮತ್ತೆ ಹಾಡುತ್ತಾರೆ. ಒಮ್ಮೆ ಪಿಸುಮಾತಿನಂತೆ, ಮುಂದಿನ ಸಲ ಡ್ರಮ್ ಸೇರಿ, ಆಮೇಲೆ ಗಿಟಾರ್ ಸೇರಿ, ಕೊನೆಗೆ ದನಿ ಮೇಲಿನ ಸ್ಥಾಯಿಗೆ ಹಾರುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಹಾಡಲು ಬಾರದವರೂ ಹಾಡುತ್ತಿರುತ್ತಾರೆ. ಸಾವಿರ ಜನರ ಉಸಿರನ್ನು ಹೀಗೆ ಒಂದು ಲಯಕ್ಕೆ ತರುವುದು ಸಣ್ಣ ಕಸುಬಲ್ಲ.

‘ಇದೇನು, ಚರ್ಚೋ ಸಂಗೀತ ಕಛೇರಿಯೋ’ ಎಂದು ಹಿರಿಯರು ಗೊಣಗುತ್ತಾರೆ. ಆ ತಕರಾರಿನಲ್ಲಿ ಹುರುಳಿಲ್ಲ. ಚರ್ಚಿಗೂ ಪಾಪ್ ಸಂಗೀತಕ್ಕೂ ಕೊಡು-ಕೊಳ್ಳುವಿಕೆ ಹಳೆಯದು. 1954ರಲ್ಲಿ ರೇ ಚಾರ್ಲ್ಸ್ ಒಂದು ಗಾಸ್ಪೆಲ್ ಹಾಡಿನ ಧಾಟಿಗೆ ಪ್ರೇಯಸಿಯ ಮಾತು ಕೂರಿಸಿ ‘ಐ ಗಾಟ್ ಎ ವುಮನ್’ ಮಾಡಿದರು. ಸೋಲ್ ಸಂಗೀತದ ಬೇರು ಹುಡುಕುವವರು ಅಲ್ಲಿಗೇ ಹೋಗುತ್ತಾರೆ. ಪಾಪ್ ಲೋಕದ ರಾಣಿಯಾಗಿದ್ದ ಅರೀಥಾ ಫ್ರಾಂಕ್ಲಿನ್ 1972ರಲ್ಲಿ ಲಾಸ್ ಏಂಜಲೀಸ್‌ನ ಬ್ಯಾಪ್ಟಿಸ್ಟ್ ಚರ್ಚೊಂದಕ್ಕೆ ಮರಳಿ ‘ಅಮೇಜಿಂಗ್ ಗ್ರೇಸ್’ ಆಲ್ಬಮ್ ಧ್ವನಿಮುದ್ರಿಸಿದರು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಕ್ಯಾಲ್ವರಿ ಚಾಪೆಲ್‌ಗೆ ಬಂದ ಹಿಪ್ಪಿ ಹುಡುಗರು ಗಿಟಾರನ್ನೂ ಹೊತ್ತು ತಂದಿದ್ದರು. ಆ ಹಾಡುಗಳಿಗಾಗಿ 1971ರಲ್ಲಿ ಮಾರನಾಥಾ ಮ್ಯೂಸಿಕ್ ಹುಟ್ಟಿತು. ಸಿನಿಮಾ ಧಾಟಿಯ ಭಜನೆ ಕೇಳಿ ಬೆಳೆದ ನಮಗಂತೂ ಧಾಟಿ ಎಲ್ಲಿಂದ ಬಂತು ಎಂಬುದು ದೊಡ್ಡ ಪ್ರಶ್ನೆಯಾಗಬೇಕಿಲ್ಲ. ಅದು ಏನನ್ನು ಹೊತ್ತು ತಂದಿದೆ ಎಂಬುದೇ ಪ್ರಶ್ನೆ.

‘ಓಷನ್ಸ್’ ಹೊತ್ತಿರುವುದು ಮತ್ತಾಯನ ಸುವಾರ್ತೆಯ ಹದಿನಾಲ್ಕನೇ ಅಧ್ಯಾಯದ ಕಥೆ. ಯೇಸು ಕರೆದಾಗ ಪೇತ್ರ ದೋಣಿಯಿಂದಿಳಿದು ನೀರಿನ ಮೇಲೆ ನಡೆಯುತ್ತಾನೆ. ಗಾಳಿಯ ಅಬ್ಬರಕ್ಕೆ ಹೆದರುತ್ತಾನೆ. ಮುಳುಗತೊಡಗುತ್ತಾನೆ. ಕಾಪಾಡು ಎಂದು ಕೂಗುತ್ತಾನೆ. ಯೇಸು ಕೈಹಿಡಿದು, ಯಾಕೆ ಸಂದೇಹಪಟ್ಟೆ ಎಂದು ಕೇಳುತ್ತಾನೆ. ಕಥೆಯ ಜೀವ ಇರುವುದು ಆ ಕೂಗಿನಲ್ಲಿ, ಆ ಪ್ರಶ್ನೆಯಲ್ಲಿ. ಹಾಡಿನಲ್ಲಿ ಕಾಲು ಸೋಲಬಹುದೆಂಬ ಮಾತಿದೆ, ಭಯದ ಪ್ರಸ್ತಾಪವಿದೆ. ಆದರೆ ಅದು ಬರೀ ಆಗಬಹುದಾದ ಸಂಗತಿ. ಮರುಕ್ಷಣವೇ ಸಮಾಧಾನ ಬಂದುಬಿಡುತ್ತದೆ. ಈ ಪೇತ್ರ ಮುಳುಗುವುದೇ ಇಲ್ಲ.

ಸಂಗೀತವೂ ಅವನನ್ನು ಮುಳುಗಲು ಬಿಡುವುದಿಲ್ಲ. ನನ್ನ ಕಾಲಿಗೆ ನೆಲ ಸಿಗದ ಕಡೆಗೆ ಕರೆದೊಯ್ಯಿ ಎಂಬುದು ಮೈ ನಡುಗಿಸಬೇಕಾದ ಪ್ರಾರ್ಥನೆ. ಅದನ್ನು ಹಾಡುವಾಗ ಡ್ರಮ್ ನಾವು ಕಾಯುತ್ತಿದ್ದ ಗಳಿಗೆಗೇ ಬರುತ್ತದೆ, ಸ್ವರ ನಾವು ಬಯಸಿದ ಎತ್ತರಕ್ಕೇ ಏರುತ್ತದೆ. ಬಾಯಿ ಅಪಾಯವನ್ನು ಬೇಡುತ್ತಿದ್ದರೆ ಕಿವಿ ಬೆಚ್ಚಗೆ ಹೊದ್ದು ಕೂತಿರುತ್ತದೆ. ಹಾಡಿ ಮುಗಿಸಿದವರಿಗೆ ಆಳವನ್ನು ದಾಟಿಬಂದ ತೃಪ್ತಿ ಸಿಗುತ್ತದೆ. ದಾಟಿದ್ದು ಮಾತ್ರ ಏನನ್ನೂ ಅಲ್ಲ.

ಹಾಗೆಂದು ಪುನರಾವರ್ತನೆಯನ್ನೇ ದೂರುವುದು ತಪ್ಪಾದೀತು. ದಾಸರ ಪದಗಳಲ್ಲೂ ಪಲ್ಲವಿ ಮರಳಿ ಬರುತ್ತದೆ. ಆದರೆ ಪ್ರತಿ ಚರಣ ಹೊಸದೊಂದು ಸಂಗತಿ ಹೇಳುವುದರಿಂದ ಅದೇ ಪಲ್ಲವಿಗೆ ಬೇರೆ ಬಣ್ಣ ಏರುತ್ತದೆ. ಪಾಪ್ ಲೋಕದಲ್ಲಿ ಈ ಕೆಲಸವನ್ನು ಪೂರ್ತಿ ಬಲ್ಲ ಹಾಡು ಲೆನರ್ಡ್ ಕೊಹೆನ್ ಅವರ ‘ಹಲ್ಲೆಲೂಯ’. 1984ರಲ್ಲಿ ಬಂದಾಗ ಕೇಳಿದವರು ಹೆಚ್ಚಿರಲಿಲ್ಲ. ಜಾನ್ ಕೇಲ್, ಜೆಫ್ ಬಕ್ಲಿ ಹಾಡಿದ ಮೇಲೆ ಜಗತ್ತೆಲ್ಲ ಹರಡಿತು. ದಾವೀದನ ವೀಣೆ, ಅವನ ಮೋಹ, ಸಂಸೋನನ ಕತ್ತರಿಸಿದ ಕೂದಲು, ಮುರಿದ ಸಂಬಂಧ, ದೇವರ ಬಗೆಗಿನ ಅನುಮಾನ ಎಲ್ಲ ಸರದಿಯಲ್ಲಿ ಬರುತ್ತವೆ. ಪ್ರತಿ ಸಲವೂ ಅದೇ ಒಂದು ಸ್ತುತಿಪದ. ಒಮ್ಮೆ ಅದು ವಂದನೆ, ಒಮ್ಮೆ ನಿಟ್ಟುಸಿರು, ಒಮ್ಮೆ ಸೋಲಿನ ಒಪ್ಪಿಗೆ. ‘ಓಷನ್ಸ್’ನ ಬ್ರಿಡ್ಜ್‌ನಲ್ಲಿ ಪ್ರತಿ ಸಲ ಬದಲಾಗುವುದು ಸದ್ದಿನ ಪ್ರಮಾಣ; ಅರ್ಥ ಇದ್ದಲ್ಲೇ ಇರುತ್ತದೆ. ಪೂಜೆಗೆಂದು ಬರೆಯದ ಹಾಡು ದಾವೀದನಿಗೆ ಹೆಚ್ಚು ಹತ್ತಿರವಾಗಿರುವುದು ಆರಾಧನಾ ಗೀತೆ ಬರೆಯುವವರಿಗೆ ಚುಚ್ಚಬೇಕು.

ಇದಕ್ಕೆ ಬರೆಯುವವರ ಪ್ರತಿಭೆಯನ್ನಷ್ಟೇ ದೂರಿ ಫಲವಿಲ್ಲ. 1988ರಿಂದ ಸಿಸಿಎಲ್‌ಐ ಎಂಬ ಸಂಸ್ಥೆಯ ಮೂಲಕ ಚರ್ಚುಗಳು ಹಾಡಿನ ಪರವಾನಗಿ ಪಡೆಯುತ್ತಿವೆ. ಯಾವ ಹಾಡು ಎಷ್ಟು ಬಳಕೆಯಾಯಿತು ಎಂಬ ಲೆಕ್ಕದ ಮೇಲೆ ಗೌರವಧನ ಹಂಚಿಕೆಯಾಗುತ್ತದೆ. ಹಾಡುಗಳ ಮೂಲವೂ ಕಿರಿದಾಗಿದೆ. 2010ರಿಂದ 2020ರವರೆಗೆ ಅಮೆರಿಕದ ಚರ್ಚುಗಳ ಜನಪ್ರಿಯ ಪಟ್ಟಿಗಳ ತುದಿಗೇರಿದ 38 ಹೊಸ ಹಾಡುಗಳನ್ನು ಸಂಶೋಧಕರ ತಂಡವೊಂದು ಪರಿಶೀಲಿಸಿತು. ಅದರಲ್ಲಿ 36ಕ್ಕೆ ಹಿಲ್‌ಸಾಂಗ್, ಬೆಥೆಲ್, ಎಲಿವೇಷನ್, ಪ್ಯಾಶನ್ ಎಂಬ ನಾಲ್ಕೇ ದೊಡ್ಡ ಚರ್ಚುಗಳ ನಂಟಿತ್ತು. ದೊಡ್ಡ ವೇದಿಕೆಗೆ ಒಗ್ಗುವ ಭಾವವೇ ಸಣ್ಣ ಸಭೆಗಳಿಗೂ ಇಳಿಯುತ್ತದೆ. ವೇದಿಕೆಗೆ ಒಗ್ಗುವುದು ಗೆಲುವು, ಶೋಕ ಒಗ್ಗುವುದಿಲ್ಲ.

ಈ ಇಕ್ಕಟ್ಟನ್ನು ಒಳಗಿನವರೂ ಕಂಡಿದ್ದಾರೆ. ಇಂಗ್ಲೆಂಡಿನ ವಾಟ್‌ಫರ್ಡ್‌ನ ಸೋಲ್ ಸರ್ವೈವರ್ ಚರ್ಚು 1990ರ ದಶಕದಲ್ಲಿ ಕೆಲಕಾಲ ಬ್ಯಾಂಡನ್ನೂ ಧ್ವನಿವರ್ಧಕವನ್ನೂ ತೆಗೆದಿಟ್ಟು ಬರಿಗಂಟಲಲ್ಲಿ ಹಾಡಿತು. ಆ ಅನುಭವದಿಂದ ಮ್ಯಾಟ್ ರೆಡ್‌ಮನ್ ‘ದಿ ಹಾರ್ಟ್ ಆಫ್ ವರ್ಷಿಪ್’ ಬರೆದರು. ಸಂಗೀತ ಕಳಚಿದ ಮೇಲೆ ಉಳಿಯುವುದೇನು ಎಂದು ಕೇಳುವ ಆ ಹಾಡೂ ಬ್ಯಾಂಡುಗಳ ಅಚ್ಚುಮೆಚ್ಚಿನದಾದದ್ದು ಬೇರೆ ಮಾತು. ಆದರೂ ಪರೀಕ್ಷೆ ಒಳ್ಳೆಯದು. ಒಂದು ಕೀಬೋರ್ಡು, ಒಂದು ಡೋಲಕ್ ಇಟ್ಟುಕೊಂಡು ಹಾಡುವ ನಮ್ಮೂರಿನ ಸಣ್ಣ ಸಭೆಗೆ ‘ಓಷನ್ಸ್’ ಕೊಟ್ಟು ನೋಡಿ: ಚರಣ ನಿಲ್ಲುತ್ತದೆ, ಬ್ರಿಡ್ಜ್ ಬಿದ್ದುಹೋಗುತ್ತದೆ. ಸುವಾರ್ತೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ 1862ರಲ್ಲೇ ‘ಕಥಾಮಾಲೆ’ ರಚಿಸಿದ ಮಿಷನರಿ ಕಿಟ್ಟೆಲ್ ನಂಬಿದ್ದು ವಾದ್ಯದ ಏರಿಳಿತವನ್ನಲ್ಲ, ಕಥೆಯನ್ನು ಹೇಳುವ ಪದ್ಯದ ನಡಿಗೆಯನ್ನು.

‘ಓಷನ್ಸ್’ ಒಳ್ಳೆಯ ಹಾಡು. ಆದರೆ ಆರಾಧನೆಯ ಅರ್ಧ ಮಾತ್ರ. ಅಂಥವೇ ನಾಲ್ಕು ಹಾಡು ಸಾಲಾಗಿಟ್ಟ ಭಾನುವಾರ, ಹೋದ ವಾರ ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿಗೆ ಹಾಡಲು ಏನೂ ಇರುವುದಿಲ್ಲ. ಸತ್ಯವೇದದ 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅವಳಂಥವರ ಮೊರೆಯೇ. ಎಂಬತ್ತೆಂಟನೆಯದಂತೂ ಸಮಾಧಾನ ಸಿಗದೆ ಕತ್ತಲಲ್ಲೇ ಮುಗಿಯುತ್ತದೆ. ಅವುಗಳಿಗೆ ರಾಗ ಹಾಕುವ ಕೆಲಸ ಬಾಕಿಯಿದೆ. ಕನ್ನಡದಲ್ಲಿ ಹಾಡು ಕಟ್ಟುವವರು ಅದಕ್ಕಾಗಿ ಸಿಡ್ನಿಯ ಕಡೆ ಕಾಯಬೇಕಾಗಿಲ್ಲ.