ಸೈಬರ್‌ಟ್ರಕ್: ಹತ್ತು ಲಕ್ಷ ಓದುಗರು ಎಲ್ಲಿ ಹೋದರು?

2025ರ ಮೇ ತಿಂಗಳಲ್ಲಿ ದೊಡ್ಡಮ್ಮನ ಮಗ ಒಂದು ಫೋಟೊ ಕಳಿಸಿದ. ಅವನಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರ. ಫಾರ್ಮಿಂಗ್ಟನ್ ಹಿಲ್ಸ್ ಎಂಬ ಊರಿನ ಶಾಪಿಂಗ್ ಸೆಂಟರಿನ ಪಾರ್ಕಿಂಗ್ ಜಾಗದಲ್ಲಿ ಟೆಸ್ಲಾದ ಸೈಬರ್‌ಟ್ರಕ್‌ಗಳು ಸಾಲಾಗಿ ನಿಂತಿದ್ದವು. ಬಣ್ಣ ಬಳಿಯದ ಸ್ಟೀಲು, ಚೂಪು ಮೂಲೆಗಳು, ಹತ್ತಾರು ಗಾಡಿ. ಹತ್ತಿರ ಒಬ್ಬ ಮನುಷ್ಯನೂ ಇಲ್ಲ. ಅಲ್ಲಿ ಹೀಗೆ ಗಾಡಿಗಳ ದಾಸ್ತಾನು ಇಡುವುದು ನಿಯಮಕ್ಕೆ ವಿರುದ್ಧ ಎಂದು ನಗರಾಡಳಿತ ಹೇಳಿದ್ದು ಪತ್ರಿಕೆಗಳಲ್ಲೂ ಬಂತು. ಫೋಟೊದ ಕೆಳಗೆ ಅಣ್ಣ ಬರೆದಿದ್ದ: "ಯಾರೂ ಓದದ ಪುಸ್ತಕಗಳ ಮೇಲೆ ತಾನೇ ನೀನು ಪಿಎಚ್‌ಡಿ ಮಾಡ್ತಿರೋದು? ಇದನ್ನೂ ಒಂದು ಚಾಪ್ಟರ್ ಮಾಡ್ಕೊಳ್ಳೇ."

ಅವನು ತಮಾಷೆಗೆ ಹೇಳಿದ್ದು ನನಗೆ ಕಿರಿಕಿರಿಯಾಗಿ ಉಳಿಯಿತು. ತಮ್ಮ ಕಾಲದಲ್ಲಿ ಓದುಗರು ಸಿಗದ ಕೃತಿಗಳ ಬಗ್ಗೆ ಕೆಲಸ ಮಾಡುವ ನಮ್ಮಂಥವರಿಗೆ ಒಂದು ಒಳನಂಬಿಕೆ ಇರುತ್ತದೆ. ಮಾರಾಟವಾಗದ್ದು ಕಾಲಕ್ಕಿಂತ ಮುಂದೆ ಇದ್ದಿರಬೇಕು, ಓದುಗರೇ ಹಿಂದೆ ಬಿದ್ದಿರಬೇಕು. ಸೆಮಿನಾರುಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅರ್ಧ ಪ್ರಬಂಧಗಳು ನಿಂತಿರುವುದು ಇದರ ಮೇಲೆಯೇ. ಸೈಬರ್‌ಟ್ರಕ್ಕಿನ ಅಭಿಮಾನಿಗಳು ಹೇಳುವುದೂ ಇದನ್ನೇ. ಜನಕ್ಕೆ ಅರ್ಥವಾಗಲಿಲ್ಲ, ಇನ್ನು ಇಪ್ಪತ್ತು ವರ್ಷ ಕಳೆಯಲಿ, ಆಮೇಲೆ ನೋಡಿ. ನನ್ನ ವಾದವನ್ನು ನನಗೆ ಇಷ್ಟವಿಲ್ಲದವರ ಬಾಯಲ್ಲಿ ಕೇಳಿದ ಹಾಗಾಯಿತು.

ಅದಕ್ಕೇ ಈ ಗಾಡಿಯನ್ನು ಒಂದು ಕೃತಿಯೆಂದೇ ಓದಿ ನೋಡೋಣ ಅನ್ನಿಸಿತು. ವಾಹನವನ್ನು ಪಠ್ಯವಾಗಿ ಓದುವುದು ಹೊಸತೇನಲ್ಲ. ರೋಲಾಂ ಬಾರ್ತ್ 1957ರ 'ಮಿಥಾಲಜೀಸ್' ಸಂಕಲನದಲ್ಲಿ ಆಗಿನ ಹೊಸ ಸಿಟ್ರೊಯೆನ್ ಡಿ.ಎಸ್. ಕಾರಿನ ಮೇಲೆ ಪುಟ್ಟ ಪ್ರಬಂಧ ಬರೆದಿದ್ದಾನೆ. ಆಕಾಶದಿಂದ ಇಳಿದಂತೆ ಕಾಣುವ ಆ ಕಾರಿನ ನುಣುಪಿನಲ್ಲಿ, ಅದರ ಭಾಗಗಳು ಕೂಡುವ ಕಡೆಗಳಲ್ಲಿ, ಅವನಿಗೆ ವಿಶೇಷ ಆಸಕ್ತಿ. ಪ್ರದರ್ಶನಕ್ಕೆ ಬಂದ ಜನ ಕಾರನ್ನು ಮುಟ್ಟಿ ಮುಟ್ಟಿ ನೋಡುವುದನ್ನೂ ಅವನು ಗಮನಿಸುತ್ತಾನೆ. ಅವನ ಪ್ರಕಾರ ಮಾಯೆ ಕಣ್ಣಿನದು, ಆ ಮಾಯೆಯನ್ನು ಕಳಚುವುದು ಸ್ಪರ್ಶ.

ಸೈಬರ್‌ಟ್ರಕ್ ನಾಲ್ಕು ವರ್ಷ ಕಣ್ಣಿಗೆ ಮಾತ್ರ ಇದ್ದ ವಸ್ತು. ಅದು ಮೊದಲು ತೆರೆಯ ಮೇಲೆ ಬಂದದ್ದು 2019ರ ನವೆಂಬರ್ 21ರಂದು, ಲಾಸ್ ಏಂಜಲೀಸ್ ಪಕ್ಕದ ಹಾಥಾರ್ನ್‌ನಲ್ಲಿ. 'ಬ್ಲೇಡ್ ರನ್ನರ್' ಸಿನಿಮಾದ ಕಥೆ ನಡೆಯುವುದು 2019ರ ನವೆಂಬರಿನ ಲಾಸ್ ಏಂಜಲೀಸಿನಲ್ಲಿ. ಆ ಸಿನಿಮಾದ ಲೋಕವೇ ಈ ವಿನ್ಯಾಸಕ್ಕೆ ಸ್ಫೂರ್ತಿ ಎಂದು ಇಲಾನ್ ಮಸ್ಕ್ ಅದಾಗಲೇ ಹೇಳಿಕೊಂಡಿದ್ದರು. (ದೈತ್ಯ ಕಂಪನಿಯ ನೆರಳಿನಲ್ಲಿ ಮಳೆ ಹೊಗೆಗಳ ನಡುವೆ ನರಳುವ ನಗರದ ಕಥೆ ಅದು. ಎಚ್ಚರಿಕೆಯನ್ನು ಜಾಹೀರಾತಾಗಿ ಓದುವ ಓದುಗರೂ ಇರುತ್ತಾರೆ.) ವೇದಿಕೆಯ ಮೇಲೆ ವಿನ್ಯಾಸಕಾರ ಫ್ರಾನ್ಜ್ ಫಾನ್ ಹೋಲ್ಜ್‌ಹೌಸನ್ ಲೋಹದ ಗುಂಡು ಎಸೆದರು, ಒಡೆಯದೆಂದ ಗಾಜು ಬಿರುಕು ಬಿಟ್ಟಿತು. ಇನ್ನೊಂದು ಗಾಜಿಗೂ ಎಸೆದರು, ಅದಕ್ಕೂ ಅದೇ ಗತಿ. ಜನ ನಕ್ಕರು, ನಕ್ಕು ಬುಕ್ ಮಾಡಿದರು. ವಾಪಸು ಸಿಗುವ 100 ಡಾಲರ್ ಕಟ್ಟಿದರೆ ಸಾಕಿತ್ತು. ಕೆಲವೇ ದಿನಗಳಲ್ಲಿ ಬುಕಿಂಗ್ ಎರಡು ಲಕ್ಷ ದಾಟಿತೆಂದು ಮಸ್ಕ್ ಟ್ವೀಟ್ ಮಾಡಿದರು. 2023ರ ಅಕ್ಟೋಬರಿನಲ್ಲಿ ಹತ್ತು ಲಕ್ಷ ಮೀರಿದೆ ಎಂದರು. ಈ ಗಾಡಿಯಿಂದ ನಮ್ಮ ಗುಂಡಿ ನಾವೇ ತೋಡಿಕೊಂಡೆವು ಎಂಬರ್ಥದ ಮಾತನ್ನು ಅವರು ಆಡಿದ್ದೂ ಅದೇ ದಿನವೇ.

ಈ ಹತ್ತು ಲಕ್ಷದ ಮೇಲೆ ಸ್ವಲ್ಪ ನಿಲ್ಲಬೇಕು. ವಿಚಿತ್ರ ಆಕಾರಕ್ಕೆ ಜನ ಹೆದರಿದರು ಎಂಬ ಸುಲಭದ ವಿವರಣೆ ಇಲ್ಲಿಗೇ ಮುಗಿಯುತ್ತದೆ. ಆಕಾರವನ್ನು ನೋಡಿಯೇ, ಆಕಾರಕ್ಕಾಗಿಯೇ ಇಷ್ಟು ಮಂದಿ ಹೆಸರು ಬರೆಸಿದರು. ನಮ್ಮಲ್ಲಿ ಪ್ರಕಟಣಪೂರ್ವ ರಿಯಾಯಿತಿಗೆ ದುಡ್ಡು ಕಟ್ಟುವವರಂತೆ ಅವರು ಲೇಖಕನ ಪಕ್ಷದ ಓದುಗರು, ಪ್ರಯೋಗಕ್ಕೆ ತಯಾರಾಗಿದ್ದವರು. ಗಾಡಿಗಳ ವಿತರಣೆ ಶುರುವಾದದ್ದು 2023ರ ನವೆಂಬರ್ 30ರಂದು. ಟೆಸ್ಲಾ ಈ ಗಾಡಿಯ ಲೆಕ್ಕವನ್ನು ಪ್ರತ್ಯೇಕವಾಗಿ ಕೊಡುವುದಿಲ್ಲ. ಕಾಕ್ಸ್ ಆಟೊಮೋಟಿವ್ ಸಂಸ್ಥೆಯ ಅಂದಾಜಿನಂತೆ ಅಮೆರಿಕದಲ್ಲಿ 2024ರಲ್ಲಿ ಮಾರಾಟವಾದದ್ದು ಸುಮಾರು 39,000, 2025ರಲ್ಲಿ ಸುಮಾರು 20,000. ಮಸ್ಕ್ ಗುರಿಯೆಂದು ಹೇಳಿದ್ದು ವರ್ಷಕ್ಕೆ ಎರಡೂವರೆ ಲಕ್ಷ. ಅಂದರೆ ಬಿಟ್ಟುಹೋದದ್ದು ಸಂಪ್ರದಾಯಸ್ಥ ಓದುಗನಲ್ಲ, ಅವನು ಬಂದೇ ಇರಲಿಲ್ಲ. ಬಿಟ್ಟುಹೋದವನು ಸಾಹಸಿ ಓದುಗ.

ಯಾಕೆ? ಬೆಲೆ ಮೊದಲ ಉತ್ತರ, ಅದು ಸರಿಯೂ ಹೌದು. 2019ರಲ್ಲಿ ಹೇಳಿದ ಆರಂಭಿಕ ಬೆಲೆ 39,900 ಡಾಲರ್. ಮೂರು ಮೋಟಾರಿನ ಮಾದರಿಗೆ 69,900 ಡಾಲರ್, ಒಂದು ಚಾರ್ಜಿಗೆ 500 ಮೈಲಿಗೂ ಹೆಚ್ಚು ಓಟ ಎಂದಿದ್ದರು. ಬಂದ ಮೂರು ಮೋಟಾರಿನ ಗಾಡಿಗೆ 99,990 ಡಾಲರ್, ಓಟ ಸುಮಾರು 320 ಮೈಲಿ. ದೂರ ಹೋಗುವವರಿಗೆಂದು ಹೆಚ್ಚುವರಿ ಬ್ಯಾಟರಿಯನ್ನು ಬೇರೆಯಾಗಿ ಕೊಡುತ್ತೇವೆ ಎಂದಿದ್ದ ಕಂಪನಿ 2025ರಲ್ಲಿ ಅದನ್ನೂ ಕೈಬಿಟ್ಟಿತು. ಅನುಬಂಧ ಮುಂದಿನ ಮುದ್ರಣದಲ್ಲಿ ಎಂದು ಹೇಳಿ ಮುಂದಿನ ಮುದ್ರಣವೇ ಬಾರದ ಹಾಗೆ.

ಆದರೆ ನನಗೆ ಮುಖ್ಯವಾಗಿ ಕಂಡದ್ದು ಬೆಲೆಯಲ್ಲ, ಅಂಟು. ಇದರ ಹೊರಮೈಯೇ ಇದರ ಎಲುಬು, ಏಡಿಗೆ ಇರುವ ಹಾಗೆ ಕವಚವೇ ಭಾರ ಹೊರುತ್ತದೆ ಎಂದು 2019ರಲ್ಲಿ ಹೇಳಲಾಗಿತ್ತು. ಗಟ್ಟಿ ಸ್ಟೇನ್‌ಲೆಸ್ ಸ್ಟೀಲನ್ನು ಅಚ್ಚಿಗೆ ಹಾಕಿ ಬಗ್ಗಿಸುವುದು ಕಷ್ಟ, ಆದ್ದರಿಂದ ಚಪ್ಪಟೆ ತಲಗಳು, ಆದ್ದರಿಂದ ಈ ಮೂಲೆಗಳು. ಇದು ನಿಜಕ್ಕೂ ಸುಂದರವಾದ ತರ್ಕ. ನನಗೆ ಆ ಆಕಾರ ಇಷ್ಟವಾದದ್ದೂ ಇದಕ್ಕೇ. ಹಾಗೆ ಹೇಳಿಕೊಳ್ಳಲು ಸ್ವಲ್ಪ ಸಂಕೋಚ, ಆದರೂ ಹೇಳುತ್ತೇನೆ. ನಮ್ಮ ವಿಮರ್ಶೆಯಲ್ಲಿ ಆಶಯ, ಆಕೃತಿ ಎಂದು ಜೋಡಿಯಾಗಿ ಬಳಸುತ್ತೇವಲ್ಲ, ಎರಡೂ ಬೇರ್ಪಡಿಸಲಾರದಷ್ಟು ಒಂದಾಗಿರುವುದೇ ಒಳ್ಳೆಯ ಕೃತಿ ಎನ್ನುತ್ತೇವಲ್ಲ, ಆ ಮಾತಿಗೆ ಉದಾಹರಣೆಯಂತಿತ್ತು ಅದು.

ತಯಾರಾಗಿ ಬಂದದ್ದು ಬೇರೆ. ಭಾರ ಹೊರುವ ಚೌಕಟ್ಟು ಮುಖ್ಯವಾಗಿ ಒಳಗೇ ಇತ್ತು, ಸ್ಟೀಲಿನ ಹಾಳೆಗಳನ್ನು ಅದರ ಮೇಲೆ ಕೂರಿಸಲಾಗಿತ್ತು. 2025ರ ಮಾರ್ಚಿನಲ್ಲಿ 46,096 ಗಾಡಿಗಳನ್ನು, ಅಂದರೆ ಅಲ್ಲಿಯವರೆಗೆ ತಯಾರಾದ ಹೆಚ್ಚುಕಮ್ಮಿ ಎಲ್ಲವನ್ನೂ, ರಿಪೇರಿಗೆ ವಾಪಸು ಕರೆಯಬೇಕಾಯಿತು. ಚಾವಣಿಯ ಅಂಚಿನುದ್ದಕ್ಕೂ ಅಂಟಿಸಿದ್ದ ಸ್ಟೀಲ್ ಪಟ್ಟಿಯ ಅಂಟು ಪೆಡಸಾಗಿ, ಓಡುವಾಗಲೇ ಪಟ್ಟಿ ಕಿತ್ತುಬರುವ ಅಪಾಯವಿತ್ತು. ಬೇರೆ ಅಂಟಿನ ಜೊತೆಗೆ ಬೋಲ್ಟನ್ನು ವೆಲ್ಡ್ ಮಾಡಿ ನಟ್ಟು ಬಿಗಿದ ಹೊಸ ಪಟ್ಟಿ ಹಾಕುವುದೇ ಪರಿಹಾರ. ಎಷ್ಟು ಗಾಡಿ ತಯಾರಾಗಿವೆ ಎಂಬ ನಿಖರ ಲೆಕ್ಕ ಹೊರಗಿನವರಿಗೆ ಸಿಕ್ಕಿದ್ದು ಹೀಗೆ, ಅಂಟು ಬಿಟ್ಟ ದೆಸೆಯಿಂದ.

ಎಲುಬೆಂದು ಹೇಳಿದ್ದು ಅಂಟಿಸಿದ ಚರ್ಮವಾಗಿತ್ತು. ಮೂಲೆಗಳು ಉಳಿದವು, ಮೂಲೆಗಳಿಗಿದ್ದ ಕಾರಣ ಸಡಿಲವಾಯಿತು. ಆಶಯದಿಂದ ಕಳಚಿಕೊಂಡ ಆಕೃತಿಗೆ ನಾವು ಸಾಮಾನ್ಯವಾಗಿ ಹೇಳುವ ಹೆಸರು ಶೈಲಿ, ಇನ್ನೂ ಕಟುವಾಗಿ ಹೇಳುವುದಾದರೆ ಶೋಕಿ. ಪಿಕಪ್ ಎಂಬುದು ಅಮೆರಿಕದಲ್ಲಿ ಗಟ್ಟಿಯಾದ ಪ್ರಕಾರ, ಅದಕ್ಕೆ ತನ್ನದೇ ವ್ಯಾಕರಣವಿದೆ. ಪಕ್ಕದಲ್ಲಿ ನಿಂತು ಕೈಚಾಚಿದರೆ ಹಿಂದೆ ತುಂಬಿದ ಸಾಮಾನು ಸಿಗಬೇಕು ಎಂಬುದು ಅದರ ಮೊದಲ ಪಾಠ. ಸೈಬರ್‌ಟ್ರಕ್ಕಿನಲ್ಲಿ ಚಾವಣಿಯಿಂದ ಇಳಿಜಾರಾಗಿ ಬರುವ ಎತ್ತರದ ಗೋಡೆ ಆ ಕೈಯನ್ನು ತಡೆಯುತ್ತದೆ. ವ್ಯಾಕರಣ ಮುರಿಯಬಹುದು, ಮುರಿದದ್ದಕ್ಕೆ ಪ್ರತಿಯಾಗಿ ಓದುಗನಿಗೆ ಏನಾದರೂ ಸಿಗಬೇಕು.

ಇದನ್ನೆಲ್ಲ ನಮ್ಮ ಗೈಡ್ ಹತ್ತಿರ ಹೇಳಿದಾಗ ಅವರು ಕೇಳಿದ್ದು ಒಂದೇ: "ನೋಡಮ್ಮ, ವ್ಯಾಕರಣ ಮುರಿಯದ ಗಾಡಿ ಏನಾಯ್ತು?" ನ್ಯಾಯವಾದ ಪ್ರಶ್ನೆ. ಫೋರ್ಡ್ ತನ್ನ ಜನಪ್ರಿಯ ಎಫ್-150ರ ರೂಪವನ್ನು ಹಾಗೇ ಇಟ್ಟುಕೊಂಡು 'ಲೈಟ್ನಿಂಗ್' ಎಂಬ ಎಲೆಕ್ಟ್ರಿಕ್ ಪಿಕಪ್ ತಂದಿತು. 2024ರಲ್ಲಿ ಅದು 33,510 ಮಾರಾಟವಾಯಿತು, ಸೈಬರ್‌ಟ್ರಕ್ಕಿಗಿಂತ ಕಡಿಮೆ. 2025ರ ಡಿಸೆಂಬರಿನಲ್ಲಿ ಫೋರ್ಡ್ ಪೂರ್ತಿ ಎಲೆಕ್ಟ್ರಿಕ್ ಲೈಟ್ನಿಂಗ್ ನಿಲ್ಲಿಸುವುದಾಗಿ ಪ್ರಕಟಿಸಿತು. ಭಾರ ಎಳೆದರೆ ಬ್ಯಾಟರಿ ಬೇಗ ಮುಗಿಯುವುದು ಇಬ್ಬರಿಗೂ ಸಮಾನ ಕಷ್ಟ; 7,500 ಡಾಲರಿನ ಸರ್ಕಾರಿ ತೆರಿಗೆ ವಿನಾಯಿತಿ 2025ರ ಸೆಪ್ಟೆಂಬರಿಗೆ ಮುಗಿದದ್ದೂ ಇಬ್ಬರಿಗೂ ಪೆಟ್ಟು. ಸಂಪ್ರದಾಯ ಉಳಿಸುತ್ತದೆ ಎಂದು ಇಲ್ಲಿ ವಾದಿಸಲು ಬರುವುದಿಲ್ಲ. ನಾನು ವಾದಿಸುತ್ತಲೂ ಇಲ್ಲ.

ಮಸ್ಕ್ ಅವರ ರಾಜಕೀಯದ ವಿಷಯ ಎಲ್ಲರಿಗೂ ಗೊತ್ತಿರುವುದೇ. 2025ರಲ್ಲಿ ಅವರು ಟ್ರಂಪ್ ಸರ್ಕಾರದ ವೆಚ್ಚ ಕಡಿತದ ಮುಂದಾಳಾದಾಗ ಟೆಸ್ಲಾ ಷೋರೂಮುಗಳ ಮುಂದೆ ಪ್ರತಿಭಟನೆಗಳಾದವು. ಇವರ ಬಗ್ಗೆ ತಿಳಿಯುವ ಮುಂಚೆಯೇ ಕೊಂಡದ್ದು ಎಂದು ಕೆಲವರು ತಮ್ಮ ಕಾರಿಗೆ ಸ್ಟಿಕ್ಕರ್ ಅಂಟಿಸಿಕೊಂಡರು. ಲೇಖಕ ಸತ್ತ ಎಂದು ಬರೆದವನೂ ಅದೇ ಬಾರ್ತ್. ಇಲ್ಲಿ ಲೇಖಕ ಸಾಯಲು ಒಪ್ಪುತ್ತಲೇ ಇಲ್ಲ.

ಇನ್ನು ಆ ಇಪ್ಪತ್ತು ವರ್ಷದ ಮಾತು. 'ಬ್ಲೇಡ್ ರನ್ನರ್' 1982ರಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಸೋತ ಸಿನಿಮಾ, ಈಗ ಪಠ್ಯಕ್ರಮಗಳಲ್ಲಿದೆ. ಆದರೆ ಅದರ ರೀಲುಗಳು ಡಬ್ಬದಲ್ಲಿ ಕಾಯಬಲ್ಲವಾಗಿದ್ದವು. ಬ್ಯಾಟರಿ ನಿಂತಲ್ಲೇ ಮುಪ್ಪಾಗುತ್ತದೆ. ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ, ಆ ಸಿನಿಮಾವನ್ನು ಆಮೇಲೆ ಎತ್ತಿ ಹಿಡಿದವರು ಅದನ್ನು ಮತ್ತೆ ಮತ್ತೆ ನೋಡಿದವರು. ಈ ಗಾಡಿಯ ಅಭಿಮಾನಿಗಳಲ್ಲಿ ಹೆಚ್ಚಿನವರು ಅದನ್ನು ನೋಡಿದ್ದು ಚಿತ್ರಗಳಲ್ಲಿ.

ನನ್ನ ಪ್ರಬಂಧದ ಎರಡನೇ ಅಧ್ಯಾಯವನ್ನು ಈಗ ತಿದ್ದುತ್ತಿದ್ದೇನೆ. 'ತಿರಸ್ಕೃತ' ಎಂದು ನಾನು ಒಂದೇ ಗುಂಪಿಗೆ ಹಾಕಿದ್ದ ಕೃತಿಗಳಲ್ಲಿ ಓದುಗ ಹತ್ತಿರವೇ ಸುಳಿಯದವು ಯಾವುವು, ಆಸೆಯಿಂದ ಹತ್ತಿರ ಬಂದು ಮುಟ್ಟಿ ನೋಡಿ ಹೋದವು ಯಾವುವು ಎಂದು ಬೇರೆ ಮಾಡಬೇಕಾಗಿದೆ. ಎರಡನೆಯ ಬಗೆಯ ಓದುಗರು ಎಲ್ಲೂ ಏನನ್ನೂ ಬರೆದಿಡುವುದಿಲ್ಲ, 100 ಡಾಲರ್ ವಾಪಸು ತಗೊಂಡು ಸುಮ್ಮನಾಗುತ್ತಾರೆ. ಅಣ್ಣನಿಗೆ ಮೊನ್ನೆ ಫೋನ್ ಮಾಡಿ, ಆ ದಿನ ಗಾಡಿಗಳ ಹತ್ತಿರ ಹೋಗಿ ನೋಡಿದೆಯಾ ಎಂದು ಕೇಳಿದೆ. "ಹೋದೆ ಕಣೇ. ಬೆರಳಚ್ಚು ಮೂಡಿತು, ಅಮ್ಮನ ಸ್ಟೀಲ್ ಡಬ್ಬಿ ಮೇಲೆ ಮೂಡೋ ಹಾಗೆ. ಅಂಗಿ ತುದಿಯಲ್ಲಿ ಒರೆಸಿ ಬಂದೆ" ಅಂದ.